ಉಗುರಿನಷ್ಟು ಕಂದು

ಮೂವತ್ತೊಂದು. ದಶರಥ ಉಷ್ಣಮಾಪಕವನ್ನು ಗಾಜಿನ ತೊಟ್ಟಿಯಿಂದ ತೆಗೆದು, ಒರೆಸಿ, ಮತ್ತೆ ಅದ್ದಿದ. ಮೂವತ್ತೊಂದೇ. ಬೆಳಗಿನ ಎಂಟಕ್ಕೇ ಹೀಗಾದರೆ ಮಧ್ಯಾಹ್ನದ ಗತಿ?

ಆಗ ಕಂಡಿತು. ಹವಳದ ಬುಡದಲ್ಲಿ, ಗೋಡೆಯ ಕಡೆಗೆ, ಕಿರುಬೆರಳಿನ ಉಗುರಿನಷ್ಟು ಕಂದು.

ಕಾಲೇಜಿನಲ್ಲಿ ಅವನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ಫೆಬ್ರುವರಿಯಲ್ಲಿ ಹುಡುಗರನ್ನು ರಾಮೇಶ್ವರದ ಕಡೆ ಕರೆದೊಯ್ದಾಗ ಈ ಜೀವಂತ ಹವಳವನ್ನು ಸಮುದ್ರದ ನೀರಿನ ಸಮೇತ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಿಜಾಪುರಕ್ಕೆ ತಂದಿದ್ದ. ಆಗ ಅದು ಪೂರ್ತಿ ಕಂದಾಗಿತ್ತು. ಯಾರೂ ತಿರುಗಿ ನೋಡಲಿಲ್ಲ. ಏಪ್ರಿಲ್ಲಿನ ಬಿಸಿಗೆ ಬಣ್ಣ ಬಿಟ್ಟು ಸುಣ್ಣದಂತೆ ಬೆಳ್ಳಗಾದ ಮೇಲೆ ಓಣಿಯವರೆಲ್ಲ ಹೊಗಳತೊಡಗಿದರು. ಈ ಬಿಳುಪು ಹಸಿವು, ಮೈಯೊಳಗಿದ್ದು ಅನ್ನ ಕೊಡುತ್ತಿದ್ದ ಕಂದು ಪಾಚಿ ಅದನ್ನು ಬಿಟ್ಟುಹೋಗಿದೆ ಎಂದು ಅವನು ವಿವರಿಸಿದರೆ ತಲೆಯಾಡಿಸಿ, ‘ಎಷ್ಟು ಚಂದ’ ಅನ್ನುತ್ತಿದ್ದರು.

ಇಪ್ಪತ್ತು ದಿನ ಅವನು ತೊಟ್ಟಿಗೆ ಒದ್ದೆ ಗೋಣಿ ಸುತ್ತಿದ್ದ, ನೀರು ತಣ್ಣಗಿರಲೆಂದು ಬರ್ಫದ ಡಬ್ಬಿ ತೇಲಿಬಿಟ್ಟಿದ್ದ, ಹವಳದ ಮೈತುಂಬ ಇದ್ದ ಪುಟ್ಟ ಬಾಯಿಗಳಲ್ಲಿ ಒಂದೊಂದಕ್ಕೇ ಸೀಗಡಿಯ ಪುಡಿ ಉಣಿಸಿದ್ದ. ಇವತ್ತು ಆ ಪಾಚಿ ಉಗುರಿನಷ್ಟು ತಿರುಗಿ ಬಂದಿತ್ತು.

“ಪರಸವ್ವಾ, ಇಲ್ಲಿ ಬಾ.”

“ಆಮ್ಯಾಲೆ ಬರ್ತೇನ್ರಿ. ಸಂಜಿಕ ಅವರು ಬರಾಕತ್ತಾರ,” ಎಂದಳು ಹೆಂಡತಿ, ನೆಲ ಒರೆಸುತ್ತಲೇ.

ಅವರೆಂದರೆ ಪ್ರಿನ್ಸಿಪಾಲ್ ಗುರುಪಾದಯ್ಯನವರು. ನಾಲ್ಕು ವರ್ಷದಲ್ಲಿ ಕಾಲೇಜಿನ ಯಾರೂ ಈ ಮನೆಯ ಹೊಸ್ತಿಲು ದಾಟಿರಲಿಲ್ಲ. ಯಾಕೆಂದು ಗೊತ್ತಿದ್ದೂ ಗಂಡ ಹೆಂಡತಿ ಒಮ್ಮೆಯೂ ಬಾಯಿಬಿಟ್ಟು ಆಡಿಕೊಂಡಿರಲಿಲ್ಲ. ಈಗ ಸುದ್ದಿ ಕೇಳಿ ಪ್ರಿನ್ಸಿಪಾಲರು ಹೆಂಡತಿಯೊಡನೆ ಬಿಳಿ ಹವಳ ನೋಡಲು ಬರುವವರಿದ್ದರು.

ಕಂದು ಕಲೆಯ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಇವಳಿಗೇನು ತಿಳಿದೀತು ಅನ್ನಿಸಿ ಸೈಕಲ್ ಹತ್ತಿದ.

ಗಾಂಧಿ ಚೌಕದಲ್ಲಿ ಬರ್ಫ ಮಾರುವ ಮೌಲಾಸಾಬ ನಕ್ಕ. “ದಿನಾ ಒಯ್ಯಾಕತ್ತೀರಿ. ಮನ್ಯಾಗ ಲಗ್ನ ಐತೇನ್ರಿ ಮಾಸ್ತರ?”

“ಜೀವ ಬಂದೈತಿ.”

“ಯಾರಿಗ್ರಿ?”

“ಕಲ್ಲಿಗೆ.”

ಮೌಲಾಸಾಬ ಮತ್ತೂ ಜೋರಾಗಿ ನಕ್ಕ. ಕರೆಂಟು ಹೋಗಿ ಬರ್ಫ ಕಟ್ಟಿರಲಿಲ್ಲ. ದಶರಥ ಊಟವಿಲ್ಲದೆ ನಾಲ್ಕರವರೆಗೆ ಕಾದ. ಗೋಣಿಯಲ್ಲಿ ಸುತ್ತಿದ ಗಡ್ಡೆ ದಾರಿಯುದ್ದಕ್ಕೂ ಬೆನ್ನ ಹಿಂದೆ ತೊಟ್ಟಿಕ್ಕುತ್ತಿತ್ತು.

ಮನೆಯಲ್ಲಿ ತೊಟ್ಟಿ ಬರಿದಾಗಿತ್ತು. ಹವಳ ಮೇಜಿನ ಮೇಲೆ, ಸ್ಟೀಲಿನ ತಾಟಿನಲ್ಲಿ ಇತ್ತು. ಎಲ್ಲಿಯೂ ಒಂದು ಕಲೆಯಿಲ್ಲ.

“ಹಿಂದಿನ ಮಗ್ಗಲಿಗೆ ಪಾಚಿ ಹತ್ತಿತ್ರಿ,” ಎಂದಳು ಪರಸವ್ವ. ಅವಳ ಮುಖ ಬೆಳಗುತ್ತಿತ್ತು. “ಸೋಡಾ ಹಾಕಿ ತಿಕ್ಕಿ ತಿಕ್ಕಿ ತೊಳದೀನಿ. ಅವರು ಬಂದಾಗ ನಮ್ಮ ಮನ್ಯಾಗ ಹೊಲಸು ಕಾಣಬಾರದು.”

ಅವನು ಅವಳ ಕೈ ನೋಡಿದ. ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು.

ಬಾಗಿಲು ಬಡಿದ ಸದ್ದಾಯಿತು.

“ಚಲೋ ಆತು,” ಎಂದ.

ಗುರುಪಾದಯ್ಯನವರು ಕುರ್ಚಿಯ ತುದಿಗೆ ಕೂತರು. “ವ್ಹಾ! ಸತ್ತಿಲ್ಲಲ್ರಿ ಇದು?”

“ಇಲ್ರಿ ಸರ್.”

ಪರಸವ್ವ ಚಹಾ ತಂದಳು.

“ಚಹಾ ಬ್ಯಾಡ್ರಿ. ಈಗಷ್ಟೇ ಆಗೈತಿ,” ಎಂದರು ಪ್ರಿನ್ಸಿಪಾಲರು.

ಅವಳು ತಟ್ಟೆ ಹಿಡಿದುಕೊಂಡೇ ನಿಂತಳು. ಕಪ್ಪುಗಳಲ್ಲಿ ಕೆನೆ ಕಟ್ಟತೊಡಗಿತು.

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಪ್ರಿನ್ಸಿಪಾಲರ ಹೆಂಡತಿ ಹವಳವನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಗೆ ಆನಿಸಿಕೊಂಡರು. “ಇದರಾಗ ಸಮುದ್ರದ ಸಪ್ಪಳ ಕೇಳತೈತಂತಲ್ರಿ?”

“ಕೇಳತೈತ್ರಿ,” ಎಂದ ದಶರಥ.

ಅವರು ಕಣ್ಣು ಮುಚ್ಚಿ ಆಲಿಸಿದರು. ಬಾಗಿಲ ಬಳಿ ಇಳಿಸಿದ್ದ ಗೋಣಿಯಿಂದ ಬರ್ಫದ ನೀರು ಹರಿದು, ಒರೆಸಿದ ನೆಲದ ಮೇಲೆ ಅವರತ್ತ ಬರತೊಡಗಿತು. ಗಂಡ ಮೆಲ್ಲಗೆ ಎಚ್ಚರಿಸಿದಾಗ ಆಕೆ ಹವಳವನ್ನು ಕಿವಿಯಿಂದ ತೆಗೆಯದೆ, ಎರಡೂ ಪಾದಗಳನ್ನಷ್ಟೇ ನೆಲದಿಂದ ಮೇಲಕ್ಕೆತ್ತಿಕೊಂಡರು.