ಹಗ್ಗದ ಆಚೆಯ ವಿದ್ಯಾರ್ಥಿನಿ

ಮಗಳ ಬಾಣಂತನಕ್ಕೆಂದು ಅವಳಿರುವ ದೇಶಕ್ಕೆ ಆರು ತಿಂಗಳ ಪ್ರವಾಸಿ ವೀಸಾದ ಮೇಲೆ ಬಂದವಳು ನಾನು. ಅದರಲ್ಲಿ ಐದು ತಿಂಗಳು ಮಗುವಿನ ಬಟ್ಟೆ ಒಗೆಯುವುದರಲ್ಲೇ ಕಳೆದಿತ್ತು. ನನ್ನ ಪ್ರವಾಸವೆಂದರೆ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ. ಅದಕ್ಕೆ ನನ್ನ ದೂರೇನೂ ಇಲ್ಲ. ಮೂವತ್ತೇಳು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳಿಗೆ ಒಂದೇ ಒಂದು ಕೂಸು ನೋಡಿಕೊಳ್ಳುವುದು ರಜೆ ಸಿಕ್ಕಿದ ಹಾಗೆ.

ತೊಂದರೆ ಶುರುವಾದದ್ದು ಮಗಳು ಮತ್ತೆ ಕೆಲಸಕ್ಕೆ ಹೋಗುವ ದಿನ ಹತ್ತಿರ ಬಂದಾಗ. ಅವಳದು ಕನ್ನಡಕದ ಕಾರ್ಖಾನೆಯಲ್ಲಿ ಗಾಜು ಉಜ್ಜುವ ಕೆಲಸ. ಬೆಳಗ್ಗೆ ಹೋದರೆ ಸಂಜೆ ಐದಕ್ಕೆ ಬರಬೇಕು. ಅಳಿಯ ಮಧ್ಯಾಹ್ನ ಒಂದಕ್ಕೆ ಹೊರಡಬೇಕು. ಒಂದರಿಂದ ಐದರವರೆಗೆ ಮಗು ಯಾರ ಕೈಯಲ್ಲಿ? ಶಿಶುವಿಹಾರದಲ್ಲಿ ಮುಂದಿನ ವರ್ಷದವರೆಗೆ ಜಾಗವಿಲ್ಲ. ನನ್ನ ವೀಸಾದಲ್ಲಿ ಉಳಿದದ್ದು ಇಪ್ಪತ್ತಾರು ದಿನ. ನಾನು ವಿಮಾನ ಹತ್ತಿದರೆ ಮಗಳು ಕೆಲಸ ಬಿಡಬೇಕು. ಅವಳು ಆ ಮಾತು ಆಡಲಿಲ್ಲ, ಆದರೆ ಪಾತ್ರೆಗಳನ್ನು ಜೋರಾಗಿ ಇಡತೊಡಗಿದಳು.

ಅಳಿಯನಿಗೆ ನಾನು ಮನಸ್ಸಿನಲ್ಲೇ ಇಟ್ಟ ಹೆಸರು ಸುತ್ತೋಲೆ. ನಮ್ಮ ಇಲಾಖೆಯಿಂದ ತಿಂಗಳಿಗೊಂದು ಸುತ್ತೋಲೆ ಬರುತ್ತಿತ್ತಲ್ಲ, ಅವನೂ ಹಾಗೇ ಮಾತಾಡುತ್ತಾನೆ. ಒಂದು ಭಾನುವಾರ ಕಾಫಿ ಲೋಟ ಕೆಳಗಿಟ್ಟು ಪ್ರಕಟಿಸಿಯೇ ಬಿಟ್ಟ.

"ಅತ್ತೆ, ದೇಶ ಬಿಡದೇನೇ ಪ್ರವಾಸಿ ವೀಸಾನ ವಿದ್ಯಾರ್ಥಿ ವೀಸಾ ಮಾಡಿಸ್ಕೋಬಹುದಂತೆ. ವಯಸ್ಸಿನ ಮಿತಿ ಇಲ್ಲ. ನಾನು ಎರಡು ಸಲ ಓದಿದೆ."

"ಅರವತ್ತೊಂದಕ್ಕೆ ನಾನೇನು ಓದ್ಲಿ?"

"ಸೈಕಲ್ ರಿಪೇರಿ. ಒಂದು ವರ್ಷದ ಕೋರ್ಸು, ಬೆಳಗ್ಗೆ ಒಂಬತ್ತರಿಂದ ಹನ್ನೆರಡು. ಬೇರೆ ಯಾವ ಕೋರ್ಸಲ್ಲೂ ಸೀಟಿಲ್ಲ."

ಮಗಳು ನನ್ನ ಮುಖ ನೋಡಿದಳು. ಆ ನೋಟಕ್ಕೆ ನಾನು ವಿಮಾನ ರಿಪೇರಿಗೂ ಒಪ್ಪುತ್ತಿದ್ದೆ.

ವೀಸಾ ಕಚೇರಿಯಲ್ಲಿ ನಾಲ್ಕನೇ ಕೌಂಟರು ಪ್ರವಾಸಿಗಳದ್ದು, ಒಂಬತ್ತನೆಯದು ವಿದ್ಯಾರ್ಥಿಗಳದ್ದು. ಒಂಬತ್ತರಲ್ಲಿದ್ದ ಹೆಂಗಸು ನನ್ನ ಅರ್ಜಿ ತಿರುವಿ ಹಾಕಿ, ಎರಡು ವಾರದ ಹಾಜರಾತಿ ಪತ್ರ ತಂದರೆ ಮಾತ್ರ ತೆಗೆದುಕೊಳ್ಳುತ್ತೇನೆ ಎಂದಳು. ನಾಲ್ಕರ ಗುಮಾಸ್ತನನ್ನು ಕೇಳಿದರೆ, ಪ್ರವಾಸಿಗಳು ತರಗತಿಯಲ್ಲಿ ಕೂತರೆ ಅಪರಾಧ ಎಂದ.

"ಹಾಜರಾಗದೇ ಹಾಜರಾತಿ ಎಲ್ಲಿಂದ ತರ್ಲಿ?" ಎಂದೆ.

"ಅದು ಒಂಬತ್ತನೇ ಕೌಂಟರಿನ ಪ್ರಶ್ನೆ ಮೇಡಂ."

"ಒಂಬತ್ತರವರು ನಿಮ್ಮನ್ನ ಕೇಳಿ ಅಂದ್ರು."

"ಹಾಗಾದ್ರೆ ಅವರಿಗೆ ನನ್ನ ನಮಸ್ಕಾರ ಹೇಳಿ."

ಬೆಳಗ್ಗಿಂದ ಹನ್ನೊಂದು ಸಲ ಅಲ್ಲಿಂದಿಲ್ಲಿಗೆ ಓಡಾಡಿ ನನ್ನ ತಲೆ ಕೆಟ್ಟು ಮೊಸರುಗಡ್ಡೆಯಾಯಿತು. ಆಗ ಸುತ್ತೋಲೆಗೆ ಇನ್ನೊಂದು ನಿಯಮ ಸಿಕ್ಕಿತು. ಪ್ರವಾಸಿ ತರಗತಿಯಲ್ಲಿ ಕೂರುವಂತಿಲ್ಲ, ಆದರೆ ನೋಡತಕ್ಕ ಸ್ಥಳಗಳನ್ನು ಎಷ್ಟು ಬೇಕಾದರೂ ನೋಡಬಹುದು. ಅವನು ಎರಡೂ ಕೌಂಟರಿನವರಿಂದ ಇದನ್ನು ಬರೆಸಿಕೊಂಡ. ಕೋರ್ಸು ನಡೆಸುವ ಸಂಸ್ಥೆಯವರು ಮರುದಿನವೇ ತಮ್ಮ ಸೈಕಲ್ ಕಾರ್ಯಾಗಾರವನ್ನು ನೋಡತಕ್ಕ ಸ್ಥಳವೆಂದು ಘೋಷಿಸಿ, ಕೋಣೆಯ ನಡುವೆ ಒಂದು ಕೆಂಪು ಹಗ್ಗ ಕಟ್ಟಿ, ಯಾವುದನ್ನೂ ಮುಟ್ಟಬಾರದು ಎಂದು ಬೋರ್ಡು ನೇತುಹಾಕಿದರು. ನಗಬೇಡಿ. ಆ ಬೋರ್ಡಿನ ಫೋಟೋಗೆ ಮೂರು ಸೀಲು ಬಿದ್ದಿವೆ.

ಹಗ್ಗದ ಆಚೆ ಹದಿನೆಂಟು ಜನ ವಿದ್ಯಾರ್ಥಿಗಳು, ಈಚೆ ನಾನೊಬ್ಬಳು. ಕಲಿಸುವ ಮೇಷ್ಟ್ರು ಒಳ್ಳೆಯ ಮನುಷ್ಯ. ಅಂಗೈ ಗ್ರೀಸಿನಿಂದ ಕಪ್ಪು, ಮಾತು ಮೆದು. ಕಾನೂನಿಗೆ ಹೆದರಿ ನನ್ನ ಮಟ್ಟಿಗೆ ಅವರು ಗೈಡಿನ ಧಾಟಿಯಲ್ಲಿ ಮಾತಾಡುತ್ತಿದ್ದರು. "ಪ್ರವಾಸಿಗಳು ದಯವಿಟ್ಟು ಬಲಕ್ಕೆ ನೋಡಬೇಕು. ಅಲ್ಲಿ ಕಾಣ್ತಿರೋದು ಚೈನು. ಎಣ್ಣೆ ಕಾಣದೆ ಎರಡು ವರ್ಷ ಆಗಿದೆ." ನಾನು ತಲೆಯಾಡಿಸಿ ಒಂದು ಫೋಟೋ ತೆಗೆಯುತ್ತಿದ್ದೆ. ಫೋಟೋ ತೆಗೆದ ಹೊತ್ತು ಹಾಜರಾತಿಯ ಲೆಕ್ಕಕ್ಕೆ ಸೇರುತ್ತಿತ್ತು.

ಮೊದಲೆರಡು ದಿನ ಮೊಮ್ಮಗುವಿಗಾಗಿ ನಿಂತೆ. ಮೂರನೇ ದಿನ ಮೇಷ್ಟ್ರು ಗಾಲಿಯ ಬೆಂಡು ತೆಗೆಯುವುದನ್ನು ತೋರಿಸಿದರು. ಅಲ್ಲಾಡುತ್ತ ತಿರುಗುವ ಗಾಲಿಯನ್ನು ಚೌಕಟ್ಟಿಗೆ ಸಿಕ್ಕಿಸಿ, ಅದು ಎಡಕ್ಕೆ ವಾಲಿದರೆ ಬಲಗಡೆಯ ಕಡ್ಡಿಗಳನ್ನು ಪುಟ್ಟ ಸ್ಪ್ಯಾನರಿನಿಂದ ಕಾಲು ಸುತ್ತಿನಷ್ಟೇ ಬಿಗಿ ಮಾಡಬೇಕು. ಕಾಲು ಸುತ್ತು, ಇನ್ನೊಂದು ಕಾಲು ಸುತ್ತು, ಆಮೇಲೆ ಗಾಲಿ ಅಲ್ಲಾಡದೆ ನಿಶ್ಶಬ್ದವಾಗಿ ತಿರುಗಿತು. ನನ್ನ ಎದೆಯೊಳಗೆ ಏನೋ ಹಗುರಾಯಿತು. ಮೂವತ್ತೇಳು ವರ್ಷದಲ್ಲಿ ಎಷ್ಟು ಮಕ್ಕಳನ್ನು ತಿದ್ದಿದ್ದೇನೆ, ಒಂದೂ ಹೀಗೆ ಕಣ್ಣೆದುರಿಗೇ ನೆಟ್ಟಗಾಗಿರಲಿಲ್ಲ. ಆವತ್ತಿನಿಂದ ನನಗೆ ಆ ಸ್ಪ್ಯಾನರನ್ನು ಹಿಡಿಯುವ ಆಸೆ ಹತ್ತಿತು. ಮಗು ಮಲಗಿದಾಗ ಸುಮ್ಮನೆ ಬೆರಳು ತಿರುಗಿಸುತ್ತಿದ್ದೆ.

ಹದಿಮೂರನೇ ದಿನ ಎಲ್ಲ ಹಾಳು ಮಾಡಿಕೊಂಡೆ. ಮೇಷ್ಟ್ರು ಹೊರಗೆ ಹೋಗಿದ್ದರು. ಬೇಕರಿ ಬಿಟ್ಟು ಸೈಕಲ್ ಕಲಿಯಲು ಬಂದಿದ್ದ ದಪ್ಪ ಮೀಸೆಯವನೊಬ್ಬ ಎಡಕ್ಕೆ ವಾಲಿದ ಗಾಲಿಗೆ ಎಡಗಡೆಯ ಕಡ್ಡಿಯನ್ನೇ ಬಿಗಿ ಮಾಡುತ್ತಿದ್ದ. ಒಂದು ಸಲ ಮಾಡಿದ, ಸುಮ್ಮನಿದ್ದೆ. ಎರಡನೇ ಸಲವೂ ಸುಮ್ಮನಿದ್ದೆ. ಮೂರನೇ ಸಲಕ್ಕೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಏಯ್ ಮೀಸೆ! ಎದ್ದು ನಿಲ್ಲು! ಎಡಕ್ಕೆ ವಾಲಿದ್ರೆ ಯಾವ ಕಡೆ ಬಿಗಿ ಮಾಡಬೇಕು?"

ಆತ ಎದ್ದು ನಿಂತ. ಅಷ್ಟೇ ಅಲ್ಲ, ಹದಿನೆಂಟು ಜನರೂ ಎದ್ದು ನಿಂತರು. ನಾನು ಕೂರಿಸಿದೆ, ಕೈ ಕಟ್ಟಿಸಿದೆ, ನಿಯಮವನ್ನು ಒಟ್ಟಾಗಿ ಐದು ಸಲ ಹೇಳಿಸಿದೆ. ಹಿಂದಿನ ಸಾಲಿನಲ್ಲಿ ಮಾತಾಡಿದವನನ್ನು ಗೋಡೆಯ ಕಡೆ ತಿರುಗಿಸಿದೆ. ಬಾಗಿಲಲ್ಲಿ ಒಬ್ಬ ಮನುಷ್ಯ ಬರೆದುಕೊಳ್ಳುತ್ತ ನಿಂತಿದ್ದ. ತಡವಾಗಿ ಬಂದ ವಿದ್ಯಾರ್ಥಿಯೆಂದು ಗದರಿಸಿ ಅವನನ್ನೂ ಕೂರಿಸಿದೆ. ಅವನು ವೀಸಾ ಕಚೇರಿಯ ತಪಾಸಣೆಯವನು.

ವರದಿ ಮಾರನೇ ದಿನವೇ ಬಂತು. ಅರ್ಜಿದಾರಳು ವಿದ್ಯಾರ್ಥಿನಿಯಲ್ಲ, ಶಿಕ್ಷಕಿ. ಪರವಾನಗಿ ಇಲ್ಲದೆ ಕೆಲಸ ಮಾಡಿದ್ದಾಳೆ. ತಪಾಸಣೆಗೆ ಹೋದವನಿಗೂ ಕೈ ಕಟ್ಟಿಸಿದ್ದಾಳೆ. ವಿಚಾರಣೆಯಲ್ಲಿ ಸರಿಯಾದ ವಿವರಣೆ ಕೊಡದಿದ್ದರೆ ಅದೇ ವಾರ ದೇಶ ಬಿಡಬೇಕು. ಮಗಳು ಬೈಯಲಿಲ್ಲ. ಕೆಲಸ ಬಿಡುತ್ತೇನೆಂದು ಬರೆದ ಕಾಗದವನ್ನು ಮಾತ್ರ ಮಡಚಿ ಚೀಲದೊಳಗಿಟ್ಟುಕೊಂಡಳು. ಅವಳು ಬೈದಿದ್ದರೇ ಚೆನ್ನಾಗಿತ್ತು.

ವಿಚಾರಣೆ ನಡೆಸಿದ ಅಧಿಕಾರಿಣಿ ನನ್ನದೇ ವಯಸ್ಸಿನವರು. ಕೋಣೆಯಲ್ಲಿ ಮೇಷ್ಟ್ರಿದ್ದರು, ಮಗಳಿದ್ದಳು, ಮಗುವನ್ನು ಎತ್ತಿಕೊಂಡು ಸುತ್ತೋಲೆ ಇದ್ದ. ಮೂಲೆಯಲ್ಲಿ ಚೌಕಟ್ಟಿಗೆ ಸಿಕ್ಕಿಸಿದ ಒಂದು ಗಾಲಿಯೂ ಇತ್ತು.

"ಅದು ನನ್ನ ಸೈಕಲ್ಲಿಂದು," ಎಂದರು ಅಧಿಕಾರಿಣಿ. "ಸರಿಯಾಗಿ ಕೇಳಿಸ್ಕೊಳ್ಳಿ. ನೀವು ಇದನ್ನ ರಿಪೇರಿ ಮಾಡಿದ್ರೆ ನಿಮಗೆ ಕೆಲಸ ಬರುತ್ತೆ ಅಂತಾಯ್ತು. ಬರೋ ಕೆಲಸ ಕಲಿಯೋಕೆ ವೀಸಾ ಕೊಡಲ್ಲ. ಮಾಡೋಕಾಗದಿದ್ರೆ ನೀವು ವಿದ್ಯಾರ್ಥಿ. ಆವತ್ತು ಕಲಿಸಿದ್ದೂ ಲೆಕ್ಕಕ್ಕಿಲ್ಲ, ಬಾರದವರು ಹೇಗೆ ಕಲಿಸ್ತಾರೆ?"

ಮಗಳು ನನ್ನ ಕಿವಿಗೆ ಬಾಯಿಟ್ಟಳು. "ಅಮ್ಮ, ದಮ್ಮಯ್ಯ ಅಂತೀನಿ, ತಪ್ಪು ಮಾಡು."

ತಪ್ಪು ಮಾಡಬೇಕೆಂದೇ ಎದ್ದು ಹೋದೆ, ದೇವರಾಣೆ. ಆದರೆ ಸ್ಪ್ಯಾನರು ಕೈಗೆ ಬಂದದ್ದು ಅದೇ ಮೊದಲು. ಅದರ ತಣ್ಣನೆಯ ತೂಕ ಅಂಗೈಗೆ ತಾಗಿದ್ದೇ ತಡ, ಮಗಳೂ ಮರೆತುಹೋದಳು, ಮಗುವೂ ಮರೆತುಹೋಯಿತು. ಗೊತ್ತಿರುವ ಉತ್ತರವನ್ನು ಬೇಕೆಂದು ತಪ್ಪು ಹೇಳುವುದೇ? ನನ್ನಂಥ ನನ್ನಿಂದ? ಗಾಲಿ ತಿರುಗಿಸಿದೆ, ಎಡಕ್ಕೆ ವಾಲಿತ್ತು. ಬಲಗಡೆಯ ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡಿದೆ. ಹಿಂದೆ ಮಗಳು ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು.

ಗಾಲಿ ಇನ್ನಷ್ಟು ವಾಲಿತು.

ಮತ್ತೆ ಕಾಲು ಸುತ್ತು, ಮತ್ತೊಂದು. ಗಾಲಿ ಈಗ ಚೌಕಟ್ಟಿಗೇ ಉಜ್ಜತೊಡಗಿತು. ಹಣೆಯಲ್ಲಿ ಬೆವರೊಡೆಯಿತು. ನನಗೆ ನಿಯಮ ಗೊತ್ತು, ಹದಿನೆಂಟು ಜನಕ್ಕೆ ಬಾಯಿಪಾಠ ಮಾಡಿಸಿದ್ದೇನೆ, ಆದರೂ ನನ್ನ ಬೆರಳುಗಳು ಪ್ರತಿ ಸಲವೂ ಗಾಲಿಯನ್ನು ಕೆಡಿಸುತ್ತಿದ್ದವು. ಕೊನೆಗೆ ಗಾಲಿ ತಿರುಗುವುದೇ ನಿಂತಿತು. ನಾನು ಸ್ಪ್ಯಾನರು ಹಿಡಿದು ಹಾಗೇ ನಿಂತೆ. ಎಲ್ಲರೂ ನೋಡುತ್ತಿದ್ದರು.

"ನಂಗೆ ಬರ್ತಿಲ್ಲ," ಎಂದೆ ಮೇಷ್ಟ್ರಿಗೆ. ಧ್ವನಿ ನನ್ನದೇ ಅನಿಸಲಿಲ್ಲ. "ಹೇಳಿಕೊಡಿ."

ಮೇಷ್ಟ್ರು ಮೆಲ್ಲಗೆ ಹೇಳಿದರು. "ನೀವು ಎರಡು ವಾರ ನನ್ನ ಎದುರಿಂದ ನೋಡಿದ್ದೀರಿ. ಈ ಕಡೆ ನಿಂತ್ರೆ ಕೈ ತಿರುಗಿಸೋದು ಉಲ್ಟಾ. ಬಿಗಿ ಮಾಡ್ತಿದ್ದೀನಿ ಅಂದ್ಕೊಂಡು ಸಡಿಲ ಮಾಡ್ತಿದ್ದೀರಿ."

ಅಧಿಕಾರಿಣಿ ತಮ್ಮ ಗಾಲಿಯ ಗತಿ ನೋಡಿ ನಿಟ್ಟುಸಿರು ಬಿಟ್ಟರು. ಆಮೇಲೆ ನನ್ನ ಪಾಸ್‌ಪೋರ್ಟ್ ಎಳೆದುಕೊಂಡು, "ಇಷ್ಟು ಖಚಿತವಾದ ವಿದ್ಯಾರ್ಥೀನ ನಾನು ನೋಡೇ ಇಲ್ಲ," ಎಂದು ಸೀಲು ಹೊಡೆದರು. ಒಂದು ವರ್ಷ.

ಕಚೇರಿಯ ಮೆಟ್ಟಿಲ ಮೇಲೆ ಮಗಳು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಚೀಲದಲ್ಲಿದ್ದ ಕಾಗದವನ್ನು ಆಗಲೇ ಹರಿದುಹಾಕಿದ್ದಳು.

"ಏನು ನಟನೆ ಅಮ್ಮ! ಆ ಮುಖ, ಆ ಬೆವರು! ಬರ್ತಿಲ್ಲ ಅಂದ್ಯಲ್ಲ, ನಾನೇ ನಂಬಿಬಿಟ್ಟಿದ್ದೆ."

"ನಟನೆ ಅಲ್ವೇ. ನಿಜವಾಗ್ಲೂ ಬರ್ಲಿಲ್ಲ."

ಅವಳು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಸುತ್ತೋಲೆ ಮಗುವಿನೊಂದಿಗೆ ಬಸ್‌ಸ್ಟಾಪಿನ ಕಡೆ ನಡೆದಿದ್ದ.

"ಎರಡನೇ ಕ್ಲಾಸಲ್ಲಿ ನಾನು ನಿನ್ನ ಹತ್ರ ಹಾಗೇ ಕೇಳಿದ್ದೆ," ಎಂದಳು. "ಕಳೆಯೋ ಲೆಕ್ಕ. ಬರ್ತಿಲ್ಲ, ಹೇಳಿಕೊಡು ಅಂತ. ಟೀಚರ್ ಮಗಳಾಗಿ ನಾಚಿಕೆ ಆಗಲ್ವಾ ಅಂತ ನೀನು ನನ್ನ ಹೊರಗೆ ನಿಲ್ಲಿಸಿದ್ದೆ. ಊಟದ ಬೆಲ್ ಹೊಡೆಯೋವರೆಗೆ."

ನನಗೆ ಅದು ನೆನಪೇ ಇರಲಿಲ್ಲ. ಎಷ್ಟು ಮಕ್ಕಳನ್ನು ನಿಲ್ಲಿಸಿದ್ದೆನೋ, ಯಾರ ನೆನಪೂ ಇರಲಿಲ್ಲ.

"ತಪ್ಪಾಯ್ತು ಕಣೇ," ಎಂದೆ.

ಮಗಳು ಗ್ರೀಸು ಮೆತ್ತಿದ ನನ್ನ ಕೈ ಹಿಡಿದುಕೊಂಡು ಮೆಟ್ಟಿಲಿಳಿಸಿದಳು.