ಹುಳಕ್ಕೆ ಅಡುಗೆ ಮಾಡಿದ ಕುಕ್ಕರ್

ನಾನು ಒಂದು ಅಲ್ಯೂಮಿನಿಯಂ ಕುಕ್ಕರ್. ಕಾರ್ಖಾನೆಯಲ್ಲಿ ದುಂಡನೆಯ ತಗಡನ್ನು ಯಂತ್ರ ಅದುಮಿದಾಗ ನನಗೆ ಹೊಟ್ಟೆ ಬಂತು; ಮುಚ್ಚಳ, ಸೀಟಿ ಆಮೇಲೆ. ಹುಬ್ಬಳ್ಳಿಯ ಬಸಲಿಂಗವ್ವನ ಒಲೆಯ ಮೇಲೆ ಎಷ್ಟೋ ವರ್ಷ ತೊಗರಿಬೇಳೆ ಬೇಯಿಸಿದೆ. ನಾನು ಸೀಟಿ ಹೊಡೆದ ಮೇಲೇ ಆ ಮನೆಯಲ್ಲಿ ಹಸಿವು ಹುಟ್ಟುತ್ತದೆ ಎಂದು ನಂಬಿದ್ದೆ.

ಆಕೆಯ ಮಗಳು ಸಾವಂತ್ರಿ ಕಾಲೇಜಿನ ಪ್ರಯೋಗಾಲಯದಲ್ಲಿ ರೋಗಾಣುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅಲ್ಲಿ ಸಾಮಾನು ಕುದಿಸಿ ಶುದ್ಧ ಮಾಡುವ ಯಂತ್ರ ಕೆಟ್ಟಿತು. ಅದರ ಬದಲಿಗೆ ನನ್ನನ್ನು ಎತ್ತಿಕೊಂಡು ಹೋದಳು. ವಾರದೊಳಗೆ ಬಸಲಿಂಗವ್ವ ಸ್ಟೀಲಿನ ಕುಕ್ಕರ್ ತಂದಳು. ಫೋನಿನಲ್ಲಿ ಅದನ್ನು ಹೊಗಳಿದ್ದು ನನಗೂ ಕೇಳಿಸಿತು.

“ಏನ್ ಹೊಳಪ್ ಅಂತಿ ಸಾವಂತ್ರಿ, ಮುಖಾ ಕಾಣತೈತಿ.”

ನನ್ನಲ್ಲಿ ಯಾರ ಮುಖವೂ ಎಂದೂ ಕಂಡಿರಲಿಲ್ಲ.

ಪ್ರಯೋಗಾಲಯದಲ್ಲಿ ನನ್ನದು ರೋಗಾಣುಗಳ ಅಡುಗೆ. ನಾನು ಕುದಿಸಿಕೊಟ್ಟ ಗಂಜಿ ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿದರೆ, ಅವು ಅದನ್ನೇ ಉಂಡು ಬೆಳೆಯುತ್ತಿದ್ದವು. ಸಾವಂತ್ರಿಯ ಕಣ್ಣೆಲ್ಲ ಅವುಗಳೊಳಗಿನ ಒಂದು ಕಿಣ್ವದ ಮೇಲೆ. ರೋಗಾಣುವಿನ ಗೋಡೆ ಕಟ್ಟುವ ಗೌಂಡಿ ಅದು. ಹಳೆಯ ಔಷಧಿಗಳಿಗೆ ಈ ರೋಗಾಣು ಜಗ್ಗುತ್ತಿರಲಿಲ್ಲ. ಗೌಂಡಿಯ ಕೈ ಕಟ್ಟಿದರೆ ಸತ್ತೀತೇ? ಸತ್ತರೆ, ಹೊಸ ಔಷಧಿ ಎಲ್ಲಿಗೆ ಗುರಿಯಿಡಬೇಕೆಂದು ತಿಳಿಯುತ್ತದೆ. ಇಲ್ಲವಾದರೆ ಅವಳ ಇಷ್ಟು ವರ್ಷದ ದುಡಿಮೆ ನೀರುಪಾಲು. ಉಣ್ಣುವಾಗಲೂ ಅವಳಿಗೆ ಅದರದೇ ಜಪ. ಸ್ಟೀಲಿನವಳಿಗಿಂತ, ಕಣ್ಣಿಗೇ ಕಾಣದ ಆ ಗೌಂಡಿಯ ಮೇಲೆ ನನಗೆ ಹೊಟ್ಟೆಕಿಚ್ಚು ಹೆಚ್ಚಾಯಿತು.

ಒಂದು ಬೆಳಗ್ಗೆ ಎರಡು ತಟ್ಟೆ ತೆರೆದಳು. ಹಾಗೇ ಬಿಟ್ಟ ರೋಗಾಣು ತಟ್ಟೆ ತುಂಬ ಹಬ್ಬಿತ್ತು. ಕಿಣ್ವದ ಕೆಲಸ ನಿಲ್ಲಿಸಿದ್ದ ತಟ್ಟೆಯಲ್ಲಿ ಏನೂ ಇರಲಿಲ್ಲ.

“ಅವ್ವಾ, ತಾಟು ಖಾಲಿ ಐತಿ,” ಎಂದು ಫೋನಿನಲ್ಲಿ ನಗುತ್ತಲೇ ಅತ್ತಳು.

“ಖಾಲಿ ತಾಟು ನೋಡಿ ನಗಾಕಿ ನೀನೊಬ್ಬಾಕೀನ. ಉಂಡಿಯಿಲ್ಲ?”

ಆಮೇಲೆ ಕಾಲೇಜಿಗೆ ಹೊಸ ಯಂತ್ರ ಬಂತು. ಸಾವಂತ್ರಿ ನನ್ನನ್ನು ಮನೆಗೆ ತಂದಳು. ಒಲೆ ಕಾಣುವಷ್ಟು ಹತ್ತಿರ ಬಂದಿದ್ದೆ. ಬಸಲಿಂಗವ್ವ ಬಾಗಿಲಿಗೆ ಅಡ್ಡ ನಿಂತಳು.

“ಹುಳಕ್ಕ ಅಡಿಗಿ ಮಾಡಿದ್ದು ಒಳಗ ಬ್ಯಾಡವ್ವ.”

“ನಾನೂ ಒಳಗ ತರಂಗಿಲ್ಲ. ಹಿತ್ತಲಕ್ಕ ತಂದೇನಿ.”

ಈಗ ನನ್ನೊಳಗೆ ಮಣ್ಣು, ಅದರಲ್ಲೊಂದು ಮಲ್ಲಿಗೆ ಕಂಟಿ. ಒಳಗೆ ಸ್ಟೀಲಿನವಳು ಸೀಟಿ ಹೊಡೆದಾಗಲೆಲ್ಲ ಆ ಗೌಂಡಿಯ ನೆನಪಾಗುತ್ತದೆ. ಅವನನ್ನು ಕೆಲಸದಿಂದ ಬಿಡಿಸಿ ನೋಡಿದರು. ಅವನ ಮನೆ ನಿಲ್ಲಲಿಲ್ಲ. ನನ್ನನ್ನೂ ಬಿಡಿಸಿ ನೋಡಿದರು. ಬೇಳೆ ಹೊತ್ತಿಗೆ ಸರಿಯಾಗಿ ಬೇಯುತ್ತಿದೆ.