ರಾಗಮ್ಮನ ತವರು

ನಾನು ಸೊಸೆಯಾಗಿ ಬಂದ ಮನೆಯಲ್ಲಿ ನನಗೆ ಇಬ್ಬರು ಅತ್ತೆಯರು. ಒಬ್ಬರು ಮುನಿಶಾಮಮ್ಮ. ಇನ್ನೊಬ್ಬಳು ದೇವರ ಗೂಡಿನ ಗೇಣುದ್ದದ ಕಂಚಿನ ವಿಗ್ರಹ, ರಾಗಮ್ಮ. ಅತ್ತೆಯ ಮಾವ ಮುನಿಸ್ವಾಮಪ್ಪ ಎರಡನೇ ಮಹಾಯುದ್ಧದಲ್ಲಿ ಸಿಪಾಯಿಯಾಗಿ ಇಟಲಿಗೆ ಹೋದವರು, ಬಾಂಬು ಬಿದ್ದ ಕಟ್ಟಡವೊಂದರಿಂದ ಅವಳನ್ನು ಎತ್ತಿಕೊಂಡು ಬೂದಿಕೋಟೆಗೆ ತಂದರು. ಅವಳ ಕೈಯಲ್ಲಿ ತೆನೆಯಿತ್ತು. ನಮ್ಮ ಕಡೆ ತೆನೆ ಎಂದರೆ ರಾಗಿಯೇ, ಹಾಗಾಗಿ ರಾಗಮ್ಮ!

ದಿನಾ ಮಧ್ಯಾಹ್ನ ಅವಳಿಗೆ ಬಿಸಿ ಮುದ್ದೆಯ ಎಡೆ. ಕಟ್ಟುವವಳು ನಾನು. ನನ್ನ ತವರು ಬೇತಮಂಗಲ, ಅಷ್ಟೇನೂ ದೂರವಿಲ್ಲ. ಆದರೂ ಬೆಳಿಗ್ಗೆ ಹೋದರೆ ಎಡೆಯ ಹೊತ್ತಿಗೆ ವಾಪಸ್. ಇಪ್ಪತ್ತೆರಡು ವರ್ಷ ಹೀಗೇ ಕಳೆಯಿತು, ರಾಗಮ್ಮನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಕೆಜಿಎಫ್‌ನಲ್ಲಿ ಕಾನೂನು ಓದುವ ನನ್ನ ಮಗಳು ಲಿಖಿತ ಒಂದು ಸಂಜೆ ಮೊಬೈಲ್ ಹಿಡಿದು ಓಡಿಬಂದಳು. ಇಟಲಿಯ ಒಂದು ಮ್ಯೂಸಿಯಂ ಯುದ್ಧದಲ್ಲಿ ಕಳೆದುಹೋದವುಗಳ ಪಟ್ಟಿ ಹಾಕಿತ್ತು. ಅದರಲ್ಲಿ ನಮ್ಮ ರಾಗಮ್ಮನ ಫೋಟೋ! ಪೀಠದ ಕೆಳಗಿನ ನಂಬರೂ ಅದೇ.

"ಅಜ್ಜಿ, ಇದನ್ನ ಇಟ್ಕೊಳ್ಳೋ ಹಕ್ಕು ನಮ್ಗಿಲ್ಲ. ಸಿಪಾಯಿಗಳು ಊರಿನ ವಿಗ್ರಹ, ಚಿತ್ರ ಎತ್ಕೊಂಡು ಬರ್ಬಾರ್ದು ಅಂತ ಆ ಯುದ್ಧಕ್ಕೂ ಮುಂಚೇನೇ ಕಾನೂನಿತ್ತು."

ಅತ್ತೆ ಕೆಂಡವಾದರು. "ನಮ್ಮಾವ ಕಳ್ಳನೇನಮ್ಮಿ? ಗೆದ್ದು ತಂದವ್ನೆ!"

"ಗೆದ್ರೂ ತರಂಗಿಲ್ಲಜ್ಜಿ. ಪೊಲೀಸ್ನೋರು ಯಾರೂ ನಮ್ಮನ್ನ ಇಡ್ಕೊಂಡೋಗಕ್ಕೆ ಬರಲ್ಲ. ನಾವೇ ಕೊಡ್ಬೇಕು ಅಷ್ಟೆ."

ಮೂರು ದಿನ ಅತ್ತೆ ರಾಗಮ್ಮನನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೂತಿದ್ದರು. ನನಗೂ ಪಾಪ ಅನ್ನಿಸಿತು. ನಾಲ್ಕನೇ ದಿನ ಲಿಖಿತ ಇನ್ನೊಂದು ಫೋಟೋ ತೋರಿಸಿದಳು: ಮ್ಯೂಸಿಯಂನಲ್ಲಿ ಒಂದು ಖಾಲಿ ಕಟ್ಟೆ, ಮೇಲೆ ಅವಳ ಹೆಸರಿನ ಹಲಗೆ.

"ಇಷ್ಟ್ ವರ್ಷ ಆದ್ರೂ ಜಾಗ ಇಟ್ಕೊಂಡು ಕಾಯ್ತಾವ್ರಾ?" ಅತ್ತೆಯ ದನಿ ಇಳಿಯಿತು.

"ಊಂ. ಅವ್ಳು ಗೋಧಿ ದೇವಿಯಂತೆ."

"ಗೋಧಿನಾ! ಎಂಬತ್ತು ವರ್ಷ ಮುದ್ದೆ ನುಂಗ್ಸಿದ್ವಲ್ಲೇ, ಪಾಪ!" ಅತ್ತೆ ಹಣೆ ಚಚ್ಚಿಕೊಂಡು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. "ಅದು ಅವಳ ತವರು ಕಣಮ್ಮಿ. ಕಳಿಸ್ಬೇಕು."

ಮ್ಯೂಸಿಯಂನವರು ಕಳಿಸಿದ ಇಬ್ಬರು ಕಾರಿನಲ್ಲಿ ಬಂದ ದಿನ ಎಡೆಗೆ ಚಪಾತಿ. ಅತ್ತೆ ರಾಗಮ್ಮನಿಗೆ ಹಸಿರು ರವಿಕೆ ಬಟ್ಟೆ ಸುತ್ತಿ, ಅರಿಶಿನ ಕುಂಕುಮವಿಟ್ಟು, ಮಡಿಲಕ್ಕಿ ತುಂಬಿದರು. ಪೆಟ್ಟಿಗೆಯಲ್ಲಿ ಅಕ್ಕಿ ಹೋಗುವಂತಿಲ್ಲ ಎಂದು ಬಂದವರು ಗೋಗರೆದರು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ಐದೇ ಕಾಳಿಗೆ ರಾಜಿಯಾಯಿತು.

ಕಾರು ಮರೆಯಾಯಿತು. ಮಿಕ್ಕ ಅಕ್ಕಿಯ ಮೊರ ಹಿಡಿದು ಅತ್ತೆ ನನ್ನೆದುರು ನಿಂತರು.

"ಸೆರಗೊಡ್ಡು ಕಲ್ಪನ."

"ಯಾಕತ್ತೆ?"

"ಕೇಳ್ದೆ ಎತ್ಕೊಂಡ್ ಬಂದಿದ್ದವ್ಳನ್ನೇ ಕಳಿಸ್ದೆ. ಕೇಳಿ ತಂದ್ಕೊಂಡವ್ಳನ್ನ ಇಷ್ಟು ವರ್ಷ ಕಟ್ಟಾಕ್ಬಿಟ್ಟೆ. ತವರಲ್ಲಿ ಎಂಟು ದಿನ ಇದ್ದು ಬಾ. ಮುದ್ದೆ ನಾನೇ ಕಟ್ಕೊಂತೀನಿ."

ನಾನು ಹತ್ತು ದಿನ ಇದ್ದು ಬಂದೆ.